ದಿಬ್ಬದ ಮೇಲೆ ಹಾಲುಕ್ಕಿದ ದಿನ

ಮಾಡದಕೆರೆ ಕಡೆಯ ನಮ್ಮೂರಲ್ಲಿ, ಕೆರೆಯ ದಡಕ್ಕೆ ಅಂಟಿಕೊಂಡು ಒಂದು ಬೂದುಬಣ್ಣದ ದಿಬ್ಬವಿದೆ. ಅಪ್ಪ ಅಣ್ಣನಿಗೂ ತಂಗಿಯಾದ ನನಗೂ ಜಮೀನು ಪಾಲು ಮಾಡುವಾಗ, ಉಳುಮೆಗೆ ಬಾರದ ಜಾಗವೆಂದು ಅದನ್ನು ನನ್ನ ತಲೆಗೆ ಕಟ್ಟಿದರು. ನಾನು ಖುಷಿಯಿಂದಲೇ ಕಟ್ಟಿಸಿಕೊಂಡೆ. ಮಳೆನೀರು ಕೊರೆದ ಮಗ್ಗುಲಲ್ಲಿ ಎಲ್ಲ ಕಾಣುತ್ತಿತ್ತು: ಮೇಲೆ ಪಾಳೆಯಗಾರರ ಕಾಲದ ಹೆಂಚಿನ ಚೂರು, ಅದರಡಿ ದಪ್ಪ ಇಟ್ಟಿಗೆ, ಇನ್ನೂ ಕೆಳಗೆ ಒಳಗಡೆ ಕಪ್ಪು ಹೊರಗಡೆ ಕೆಂಪು ಇರುವ ಒಡೆದ ಮಡಕೆಯ ಬೋಕಿ. ಒಂದು ಊರು ಹಾಳಾದ ಮೇಲೆ ಇನ್ನೊಂದು ಊರು ಬಂದು ಅದರ ಮೇಲೇ ಕೂತಿತ್ತು.

ಹಾಳೂರಿನ ಮಣ್ಣು ಗೊಬ್ಬರಕ್ಕೆ ಸಮವೆಂದು ನಮ್ಮ ಕಡೆ ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕುತ್ತಾರೆ. ಅಕ್ಕಪಕ್ಕದ ದಿಬ್ಬಗಳೆಲ್ಲ ಹಾಗೇ ಕರಗಿದವು. ಕೊನೆಗೆ ಅಣ್ಣನ ಕಣ್ಣು ನನ್ನದರ ಮೇಲೆ ಬಿತ್ತು. ಬೇಡವೆಂದೆ.

"ಸುಮ್ನೆ ಬಿದ್ದೈತಲ್ಲ, ಯಾರ ಮನೆ ಐತೆ ಅಲ್ಲಿ?" ಎಂದ.

ನನ್ನನ್ನು ಕೇಳದೆ ಮಾರನೇ ದಿನಕ್ಕೆ ಜೆಸಿಬಿ ಹೇಳಿದ್ದಾನೆಂದು ಕುರಿ ಮೇಯಿಸುವವರು ತಿಳಿಸಿದರು. ಮೈಯೆಲ್ಲ ಉರಿದುಹೋಯಿತು.

ನಮ್ಮಲ್ಲಿ ಹಾಲುಕ್ಕಿಸಿದ ಜಾಗವೇ ಮನೆ. ಗೋಡೆ ಆಮೇಲೆ ಬಂದರೂ ಆದೀತು, ಆ ನೆಲಕ್ಕೆ ಮಾತ್ರ ಯಾರೂ ಹಾರೆ ಹಾಕುವುದಿಲ್ಲ. ಬೆಳಿಗ್ಗೆ ಅಣ್ಣನಿಗಿಂತ ಮೊದಲೇ ಹೋಗಿ, ಕಲ್ಲು ಹೂಡಿ ಒಲೆ ಹಚ್ಚಿ ಹಾಲಿಟ್ಟೆ. ಅವನು ಜೆಸಿಬಿ ಕರೆದುಕೊಂಡು ದಿಬ್ಬದ ಬುಡಕ್ಕೆ ಬರುವಷ್ಟರಲ್ಲಿ ಹಾಲು ಉಕ್ಕಿ ಚೆಲ್ಲಿತು. ಡ್ರೈವರ್ ಅದನ್ನು ನೋಡಿ ಇಂಜಿನ್ ಆಫ್ ಮಾಡಿದ. ಚಪ್ಪಲಿ ಬಿಟ್ಟು ಇಳಿದ.

"ಏನಪ್ಪ, ಇಳಿದ್ಬಿಟ್ಟೆ?" ಅಣ್ಣ ರೇಗಿದ.

"ಹಾಲುಕ್ಕೈತಲ್ಲಣ್ಣ. ನಾನು ಬಗೆಯಾಕಿಲ್ಲ."

ಅಣ್ಣ ನನ್ನ ಕಡೆ ತಿರುಗಿದ. "ಲೇ, ದಿಬ್ಬದ ಮೇಲೆ ಯಾರಾದ್ರೂ ಮನೆ ಕಟ್ತಾರೇನೆ?"

"ಕಟ್ಟಿ ಕಟ್ಟಿಯೇ ಇದು ದಿಬ್ಬ ಆಗೈತೆ. ಈಗ ನನ್ನ ಸರದಿ. ಕುಂತ್ಕ, ಹಾಲು ಕುಡಿ."

ಹಾಲುಕ್ಕಿಸಿದ ಮನೆಯಲ್ಲಿ ಹಾಲು ಕುಡಿಯದೆ ಹೋದರೆ ತಂಗಿಗೆ ಕೇಡು ಬಯಸಿದಂತೆ. ಕುಡಿದರೆ ಅದು ಮನೆಯೆಂದು ಒಪ್ಪಿಕೊಂಡಂತೆ. ಅಣ್ಣ ಲೋಟ ಹಿಡಿದು ಬಹಳ ಹೊತ್ತು ನಿಂತ. ನನಗೇನೂ ಕನಿಕರ ಹುಟ್ಟಲಿಲ್ಲ, ಒಳಗೊಳಗೇ ಸಂತೋಷವಾಗುತ್ತಿತ್ತು. ಕೊನೆಗೆ ಗಟಗಟನೆ ಕುಡಿದು ಲೋಟ ಕುಕ್ಕಿದ.

"ಸಾಯೋವರೆಗೂ ಇಲ್ಲೇ ಬಿದ್ದಿರ್ತೀಯೇನು?"

ನಮ್ಮವರು ಸತ್ತವರನ್ನು ಸುಡುವುದಿಲ್ಲ, ಅವರವರ ನೆಲದಲ್ಲೇ ಹೂಳುತ್ತಾರೆ. ಅದು ಅವನಿಗೂ ಗೊತ್ತು.

"ಸತ್ತ ಮೇಲೂ ಇಲ್ಲೇ ಇರ್ತೀನಿ" ಎಂದೆ.