ಕೋಲು ಕೊಟ್ಟವರಿಗೆ ಎರಡನೇ ನುಡಿ

ನನ್ನ ಮೇಲೆ ಒಂದು ಪದ ಇದೆ. ಕೋಲಾಟದ ಪದ. ಅದನ್ನು ಕಟ್ಟಿದವಳು ನನ್ನ ಮೊಮ್ಮಗಳು, ಆಗ ಅವಳಿಗೆ ಒಂಬತ್ತು ವರ್ಷ. ದೇವರ ಮೇಲೆ ಪದ ಇರುತ್ತದೆ, ರಾಜರ ಮೇಲೂ ಇರುತ್ತದೆ. ಮಾಗಡಿ ರಸ್ತೆಯ ಪಕ್ಕ ರಾಗಿ ಬೆಳೆದುಕೊಂಡು, ಆಮೇಲೆ ಕಾರ್ಖಾನೆಯ ಗೇಟು ಕಾದುಕೊಂಡಿದ್ದವನ ಮೇಲೆ ಪದ ಇದೆ ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತು ತಪ್ಪಿದರೆ ಅವಳೇ ತಿದ್ದುತ್ತಾಳೆ.

ಅದು ರಾಜಾಜಿನಗರ ಏಳುತ್ತಿದ್ದ ಕಾಲ. ನಮ್ಮ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟರು, ರಸ್ತೆ ಎಳೆದರು, ಒಂದು ಸ್ಕೂಲೂ ಕಟ್ಟಿದರು. ಮಗ ಮಿಲ್ಲಿಗೆ ಸೇರಿದ, ನಾನು ಗೇಟಿಗೆ. ಸುಗ್ಗಿ ಹೋದರೂ ನನ್ನ ಕೋಲಾಟ ಹೋಗಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದು ಹಿತ್ತಿಲಲ್ಲಿ ಮೊಮ್ಮಗಳ ಕೈಗೆ ಎರಡು ಕೋಲು ಕೊಟ್ಟು ಹೆಜ್ಜೆ ಹಾಕಿಸುತ್ತಿದ್ದೆ. ನಮ್ಮ ಕಡೆ ಅದು ಗಂಡಸರ ಆಟ. ಆದರೆ ಆ ಹುಡುಗಿಯ ಕಾಲು ನೋಡಿದ ಮೇಲೆ ಆ ಮಾತೆಲ್ಲ ನನಗೆ ಮರೆತೇಹೋಯಿತು.

ನಮ್ಮ ಕೋಲಾಟಕ್ಕೆ ಒಂದು ಕಟ್ಟಳೆ ಇದೆ. ಮೊದಲ ನುಡಿ ಗಣಪನಿಗೆ. ಎರಡನೆಯದು ನಿನ್ನ ಕೈಗೆ ಕೋಲು ಕೊಟ್ಟವರಿಗೆ. ಆ ಎರಡನೇ ನುಡಿಯನ್ನು ಯಾರೂ ಹೇಳಿಕೊಡುವುದಿಲ್ಲ, ಆಡುವವರೇ ಕಟ್ಟಿಕೊಳ್ಳಬೇಕು. ಅದನ್ನು ಬಿಟ್ಟು ಮೂರಕ್ಕೆ ಹಾರಿದರೆ ಜೊತೆಯವರು ಕೋಲು ಕೆಳಗಿಟ್ಟು ನಿಂತುಬಿಡುತ್ತಾರೆ. ನನಗೆ ಕಲಿಸಿದವನು ನನ್ನ ತಾತ, ನಾನು ಕಟ್ಟಿದ್ದು ಅವನ ಮೇಲೆ. ಅವನು ಇದ್ದಷ್ಟು ದಿನ ನಾನು ಆ ನುಡಿ ಎತ್ತಿದರೆ ಸಾಕು, ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಮೊಮ್ಮಗಳು ಏನು ಕಟ್ಟಿದ್ದಾಳೆ ಎಂದು ನಾನು ಕೇಳಿರಲಿಲ್ಲ. ಕೇಳಬಾರದು, ಅದೂ ಕಟ್ಟಳೆಯೇ.

ಆ ವರ್ಷ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಎಂಟು ಹುಡುಗಿಯರ ಕೋಲಾಟ ಇಟ್ಟರು. ಕಲಿಸಿದವರು ಉತ್ತರ ಸೀಮೆಯ ಟೀಚರಮ್ಮ, ಗಂಡನಿಗೆ ಇಲ್ಲಿಗೆ ವರ್ಗವಾಗಿ ಬಂದವರು. ಪುಸ್ತಕದ ಹಾಡು ಆರಿಸಿ ಎರಡು ತಿಂಗಳು ಬಿಸಿಲಲ್ಲಿ ನಿಂತು ಅಭ್ಯಾಸ ಮಾಡಿಸಿದರು. ನಮ್ಮ ಹುಡುಗಿಯೇ ಮುಂದಾಳು. ಅವಳು ಒಂದು ಸಾಲು ಹೇಳಿದರೆ ಉಳಿದ ಏಳು ಜನ ಅದನ್ನೇ ಹೇಳಬೇಕು.

ಆ ದಿನ ಮೊದಲ ನುಡಿ ಚೆನ್ನಾಗಿ ಆಯಿತು. ಆಮೇಲೆ ಅವಳು ಪುಸ್ತಕದ ಹಾಡನ್ನು ಬಿಟ್ಟು ಹಿತ್ತಿಲಿನ ಪದಕ್ಕೆ ಬಂದುಬಿಟ್ಟಳು:

ಮುಳ್ಳು ತುಳಿದ ಕಾಲ ಮಡಿಲಲ್ಲಿ ಇಟ್ಕೊಂಡು
ಮೆಲ್ಲನೆ ಮುಳ್ಳ ತೆಗೆದೋನೆ, ನಮ್ಮ ತಾತ
ಕಳ್ಳ ಹೆಜ್ಜೆ ಇಟ್ರೆ ಗದರೋನೆ

ಏಳು ಹುಡುಗಿಯರೂ ಹಿಂದೆಮುಂದೆ ನೋಡದೆ ಅದನ್ನೇ ಹೇಳಿದರು. ಅವಳು ಮತ್ತೆ ಎತ್ತಿದಳು:

ಗೇಟು ಕಾದು ಬಂದು, ಬೂಟು ಬಿಚ್ಚೋ ಮೊದಲೇ
ನೋಟ ಹರಿಸೋನೆ ಹಿತ್ತಿಲಿಗೆ, ನಮ್ಮ ತಾತ
ಆಟಕ್ಕೆ ಕರೆಯೋನೆ ನನ್ನನ್ನ

ಎಂಟು ಗಂಟಲು ನನ್ನ ಬೂಟಿನ ಸುದ್ದಿ ಹಾಡಿದವು. ಜನ ನಕ್ಕರು, ಚಪ್ಪಾಳೆ ಹೊಡೆದರು. ನನಗೆ ಏನೂ ಕಾಣಿಸಲಿಲ್ಲ, ಕಣ್ಣು ತುಂಬಿತ್ತು.

ಹೆಡ್‌ಮಾಸ್ತರಿಗೆ ಮಾತ್ರ ಸಿಟ್ಟು ಬಂದಿತ್ತು. ಈ ತಂಡ ಮುಂದಿನ ವಾರ ಪೇಟೆಯ ದೊಡ್ಡ ಸಭೆಯಲ್ಲಿ ಆಡಬೇಕಿತ್ತು. ಈ ಹುಡುಗಿ ಮುಂದಾಳಾಗಿ ಬೇಡ, ಟೀಚರಿಗೆ ಅವಮಾನ ಮಾಡಿದಳು ಎಂದು ಹೇಳಿಕಳಿಸಿದರು. ಅವಳ ಮುಖ ಸಣ್ಣದಾಯಿತು. ನನ್ನ ಪದಕ್ಕಾಗಿ ಅವಳ ಆಟ ಹೋಗುವುದೇ?

ಬೆಳಿಗ್ಗೆ ಅವಳನ್ನು ಕರೆದುಕೊಂಡು ಸ್ಕೂಲಿಗೆ ಹೊರಟೆ. ದಾರಿಯಲ್ಲಿ ಹೇಳಿದೆ, "ತಪ್ಪಾಯ್ತು ಸಾರ್ ಅಂದ್ಬಿಡು ಮಗ. ಒಂದು ಮಾತು, ಅಷ್ಟೇ."

"ತಪ್ಪಾಯ್ತು ಅಂದ್ರೆ ನಾನು ಹಾಡಿದ್ದು ಸುಳ್ಳು ಅಂತ ಆಗಲ್ವಾ ತಾತ?"

"ಸುಳ್ಳಾದ್ರೆ ಆಗ್ಲಿ ಬಿಡು."

"ಹಂಗಾದ್ರೆ ಮುಳ್ಳು ಯಾರು ತೆಗೆದಿದ್ದು?"

ಅಷ್ಟರಲ್ಲಿ ಸ್ಕೂಲು ಬಂತು.

ಹೆಡ್‌ಮಾಸ್ತರು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. "ನೋಡಿ ಯಜಮಾನ್ರೇ, ಎರಡು ತಿಂಗಳು ಕಷ್ಟಪಟ್ಟೋರು ಟೀಚರು. ಸ್ಟೇಜ್ ಮೇಲೆ ಹೊಗಳಿಸ್ಕೊಂಡೋರು ನೀವು. ಸರಿನಾ ಇದು?"

ಸರಿಯಲ್ಲ ಎಂದೆ. ನಮ್ಮ ಕಟ್ಟಳೆ ಹೀಗೆ ಎಂದು ವಿವರಿಸಿದೆ. ಕೋಲು ಕೊಟ್ಟವರನ್ನು ದಾಟಿ ಹೋಗಲು ಹುಡುಗಿಗೆ ಗೊತ್ತಿಲ್ಲ, ಅದನ್ನು ಕಲಿಸದೇ ಇದ್ದದ್ದು ನನ್ನ ತಪ್ಪು ಎಂದೆ. ಹುಡುಗಿ ತುಟಿ ಬಿಗಿದು ನಿಂತಿದ್ದಳು. ಬಾಗಿಲ ಹತ್ತಿರ ಟೀಚರಮ್ಮ ಇದ್ದರು.

"ಸರ್, ಒಂದ್ ಮಾತು ಹೇಳ್ಲೇನ್ರಿ," ಅಂದರು. "ಹಾಡು ಕಲಿಸಿದಾಕಿ ನಾನು, ಖರೆ. ಆದ್ರ ಹೆಜ್ಜಿ ನಾ ಕಲಿಸಿಲ್ರಿ. ಈಕಿ ಬಂದಾಗನ ಕಾಲಾಗ ಹೆಜ್ಜಿ ಇತ್ತು. ಉಳಿದ ಏಳು ಮಂದಿ ಈಕಿನ್ನ ನೋಡಿ ಕಲ್ತಾವ. ಎರಡು ತಿಂಗಳಿಂದ ಎಲ್ಲಾರೂ ನನ್ನ ಹೊಗಳಾಕತ್ತಿದ್ರು, ನಾ ಸುಮ್ನ ಇದ್ದೆ. ನಿನ್ನೆ ಈಕಿ ಖರೆ ಹೇಳಿದ್ಲು."

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಅದೆಲ್ಲ ಸರಿ. ಪೇಟೆ ಸಭೆಯಲ್ಲಿ ಇವರ ತಾತನ ಬೂಟು ಯಾರಿಗೆ ಬೇಕು ಹೇಳಿ?"

"ಎಂಟು ಮಕ್ಕಳಿಗೂ ಅಜ್ಜ ಅಜ್ಜಿ ಅದಾರಲ್ರಿ," ಅಂದರು ಟೀಚರಮ್ಮ. "ಎಂಟೂ ಮಂದಿ ಒಂದೊಂದು ನುಡಿ ಕಟ್ಟಲಿ. ಅದು ಎಲ್ಲಾರಿಗೂ ಬೇಕಾಗ್ತದ."

ಹೆಡ್‌ಮಾಸ್ತರು ಕನ್ನಡಕ ಹಾಕಿಕೊಂಡು, "ಉದ್ದ ಆಗಬಾರದು," ಅಂದರು. ಮುಂದಾಳು ಯಾರು ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಮೊಮ್ಮಗಳೇ ಕೇಳಿದಳು. "ಇನ್ಯಾರು? ನೀನೇ," ಅಂದರು ಹೆಡ್‌ಮಾಸ್ತರು.

ಆ ವಾರ ನಮ್ಮ ಹಿತ್ತಿಲು ಸ್ಕೂಲಾಯಿತು. ಕೆಂಗೇರಿಯ ಅಜ್ಜಿ ಬಸ್ಸಿನಲ್ಲಿ ಅವರೆಕಾಯಿ ಹೊತ್ತು ತರುವುದು ಒಬ್ಬಳ ನುಡಿ. ಇನ್ನೊಬ್ಬಳದು ಹರಿದ ಲಂಗ ಹೊಲಿದುಕೊಡುವ ದರ್ಜಿ ತಾತ. ತಮಿಳು ಮನೆಯ ಹುಡುಗಿ ಅಜ್ಜಿಯನ್ನು ಪಾಟಿ ಅಂತಲೇ ಸೇರಿಸಿದಳು, ಪಾಟಿಗೆ ಪ್ರಾಸವಾಗಿ ಚಟ್ನಿ ಒರಳಿನ ಘಾಟು ಬಂತು. ಒಬ್ಬಳಿಗೆ ಅಜ್ಜ ಅಜ್ಜಿ ಯಾರೂ ಇರಲಿಲ್ಲ, ಪೆಚ್ಚಾಗಿ ಕೂತಿದ್ದಳು. "ನಿಂಗೆ ತಲೆಗೆ ನೀರು ಹಾಕೋರು ಯಾರೇ?" ಅಂದಳು ನನ್ನ ಮೊಮ್ಮಗಳು. ಎದುರುಮನೆಯ ಮುದುಕಿ, ಅಂದಳು. ಅವಳ ಸೀಗೆಕಾಯಿ ಉರಿ ಕೂಡ ಪದವಾಯಿತು.

ಪೇಟೆಯ ಸಭೆಗೆ ಎಲ್ಲ ಮುದುಕರೂ ಬಂದರು. ಒಂದೇ ಸಾಲಿನಲ್ಲಿ ಕೂತೆವು. ಒಬ್ಬೊಬ್ಬರ ನುಡಿ ಬಂದ ಹಾಗೆ ಅವರವರ ಬೆನ್ನು ನೆಟ್ಟಗಾಗುತ್ತಿತ್ತು. ಕೆಂಗೇರಿಯ ಅಜ್ಜಿಗೆ ಕಿವಿ ಮಂದ, "ಈಗ ನಿಮ್ದು ಬಂತು" ಎಂದು ಪಕ್ಕದವರು ತಿವಿದು ಹೇಳಿದರು. ಎದುರುಮನೆಯ ಮುದುಕಿ, "ನಂದೂ ಇದ್ಯಾ?" ಎಂದು ಮೂರು ಸಲ ಕೇಳಿ ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುಂದಾಳು ತನ್ನದನ್ನು ಕೊನೆಗೆ ಇಟ್ಟುಕೊಂಡಿದ್ದಳು. "ಮುಳ್ಳು ತುಳಿದ ಕಾಲ" ಎಂದು ಅವಳು ಎತ್ತಿದ್ದೇ ತಡ, ನಾನು ಎದ್ದು ನಿಂತುಬಿಟ್ಟಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ.

"ಯಜಮಾನ್ರೇ, ಕೂತ್ಕೊಳಿ, ಕಾಣಿಸ್ತಿಲ್ಲ," ಅಂದರು ಹಿಂದಿನಿಂದ ಯಾರೋ.

"ನನ್ನ ಪದ ಕಣಪ್ಪ," ಅಂದೆ. "ಮುಗೀಲಿ, ಕೂತ್ಕೊಳ್ತೀನಿ."