ಚರ್ಚಿನ ಗೋಡೆಯ ಗಾಜು

ನಂದಿದುರ್ಗವೆಂಬ ಚಿನ್ನದ ಗಣಿ ಇನ್ನೂ ನಡೆಯುತ್ತಿದ್ದ ಆ ಕಾಲದಲ್ಲಿ ನಮ್ಮ ಕಾಲಡಿಯ ನೆಲ ಆಗಾಗ ನಡುಗುತ್ತಿತ್ತು. ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲೆ ಕೂಲಿಯವರ ಲೈನ್ ಮನೆಗಳ ಪಾತ್ರೆಗಳು ಉರುಳಿ ಬೀಳುತ್ತಿದ್ದವು. ಅಮ್ಮ ಪಾತ್ರೆ ಎತ್ತಿಡುವ ಮೊದಲು ಅಪ್ಪ ಯಾವ ಶಿಫ್ಟಿನಲ್ಲಿದ್ದಾನೆಂದು ನೆನಪು ಮಾಡಿಕೊಳ್ಳುತ್ತಿದ್ದಳು. ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಮಕ್ಕಳ ಮನಸ್ಸು ಹೂವು ಎಂದು ಬರೆಯುವವರು ನಮ್ಮ ಲೈನಿಗೆ ಬಂದವರಲ್ಲ.

ಲೈನಿನ ಹಿಂದಿನ ದಿಬ್ಬದ ಮೇಲೆ ಬಿಳಿಯರು ಕಟ್ಟಿಸಿದ ಚರ್ಚಿತ್ತು. ದಪ್ಪ ಕಲ್ಲಿನ ಗೋಡೆ, ಕಡಿದಾದ ಹೆಂಚಿನ ಮಾಡು, ಒಳಗೆ ತೇಗದ ತೊಲೆಗಳು, ಮೇಲೆ ಹೋದಂತೆ ಚೂಪಾಗುವ ಕಿಟಕಿಗಳು. ಮುಂದಿನ ಬೆಂಚುಗಳಿಗೆ ಬೆತ್ತ ಹೆಣೆದಿದ್ದರು, ಹಿಂದಿನವಕ್ಕೆ ಬರೀ ಹಲಗೆ. ದೊರೆಗಳು ಎಲ್ಲಿ ಕೂರುತ್ತಿದ್ದರು, ಕೂಲಿಯವರು ಎಲ್ಲಿ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಗಿಲು ತೆರೆದರೆ ಮೇಣ, ಹಳೆಯ ಮರ, ಬಾವಲಿ ಹಿಕ್ಕೆ ಎಲ್ಲ ಸೇರಿದ ವಾಸನೆ.

ಬಲಗಡೆ ಗೋಡೆಯಲ್ಲಿ ಒಂದು ಬಿರುಕು. ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದ್ದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳಬೇಕು, ಸೀಳಿದರೆ ಗೋಡೆ ಬೀಳುವ ಅಪಾಯವೆಂದು ಚರ್ಚಿಗೆ ಬೀಗ. ಕಾವಲುಗಾರ ಅಂತೋಣಿ ಮಾಮ ಬೆಳಗ್ಗೆ ಜಪಕ್ಕೆ ಮೊದಲು ಆ ಗಾಜನ್ನು ನೋಡುತ್ತಿದ್ದ. ಬೀಗದ ಕೈ ಅವನ ಸೊಂಟ ಬಿಟ್ಟು ಕದಲುತ್ತಿರಲಿಲ್ಲ.

ಹೆಂಡತಿ ಸತ್ತಿದ್ದ ಮಾಮನಿಗೆ ಲಿಲ್ಲಿ ಅಕ್ಕ ಒಬ್ಬಳೇ ಮಗಳು. ಅವಳಿಗೆ ಬಂಗಾರಪೇಟೆಯ ರೈಲ್ವೆ ನೌಕರನೊಬ್ಬನ ಜೊತೆ ಮದುವೆ ಗೊತ್ತಾಯಿತು. "ಇವ್ಳು ಒಂಟೋದ್ರೆ ನಂಗೆ ಗಂಜಿ ಕಾಸೋರ್ಯಾರು?" ಎಂದು ಮಾಮ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ. ಶನಿವಾರ ಅವನು ಬಾಗಿಲು ತೆಗೆದುಕೊಟ್ಟರೆ ನಾನೂ ಅಕ್ಕನೂ ಚರ್ಚು ಗುಡಿಸುತ್ತಿದ್ದೆವು. ಹೂವಿನಚ್ಚಿನಲ್ಲಿ ಕರಿದ ಗರಿಗರಿ ಅಚ್ಚುಮುರುಕು ಕೊಟ್ಟು ಅಕ್ಕ ಒಮ್ಮೆ ಹೇಳಿದಳು, "ಮದ್ವೆ ದಿನ ನನ್ ಮುಂದೆ ಊಬುಟ್ಟಿ ಇಡ್ಕೊಂಡು ನೀನೇ ನಡೀಬೇಕು ಕಣ್ಣು."

ನಾನು ಲೈನಿಗೆಲ್ಲ ಡಂಗುರ ಹೊಡೆದೆ. ಬೆಂಚುಗಳ ನಡುವೆ ಪೊರಕೆ ಹಿಡಿದೇ ನಡೆದು ಅಭ್ಯಾಸ ಮಾಡಿದೆ.

ಮದುವೆಗೆ ಮುಂಚಿನ ಶನಿವಾರ ಅಕ್ಕ ಮಾತು ಬದಲಿಸಿದಳು. "ಬೇಡ ಬಿಡು ಕಣ್ಣು. ಗಂಡಿನ್ ಕಡೆ ಒಂದ್ ಪಾಪು ಐತಂತೆ, ಬಿಳೀ ಫ್ರಾಕ್ ಒಲ್ಸವ್ರೆ. ನಿನ್ ತಾವ ಯಾವ ಫ್ರಾಕ್ ಐತೆ?" ಎಂದು ನಕ್ಕಳು.

ಕೆಟ್ಟ ಮನಸ್ಸಿನ ನಗುವೇನಲ್ಲ ಅದು. ಆದರೆ ನನಗೆ ಮೈಯೆಲ್ಲ ಉರಿಯಿತು. ಅವಳು ನೀರು ತರಲು ಹೋದಾಗ ಹಿತ್ತಾಳೆಯ ಮೇಣದಬತ್ತಿ ಕಂಬ ಎತ್ತಿ ಗಾಜಿಗೆ ಒಂದೇ ಏಟು ಕೊಟ್ಟೆ. ಸರಿಯಾಗಿ ನಡುಮಧ್ಯೆ ಸೀಳಿತು. ನಾನು ನಡೆಯದ ಕಡೆ ಯಾರೂ ಹೂ ಹಿಡಿದು ನಡೆಯಬಾರದು, ನನಗೆ ಬೇಕಿದ್ದುದು ಅಷ್ಟೇ. ಆಮೇಲೆ ಕಂಬ ಒರೆಸಿಟ್ಟು ಗುಡಿಸುವುದನ್ನು ಮುಂದುವರಿಸಿದೆ.

ಮರುದಿನ ಬೆಳಗ್ಗೆ ಮಾಮ ಗಾಜು ನೋಡಿ ತಾನೇ ಓಡಿಹೋಗಿ ಗಣಿಯ ಇಂಜಿನಿಯರನ್ನು ಕರೆತಂದ.

"ಭೂಮಿ ಅಲ್ಲಾಡಿ ಎರಡು ವಾರ ಆಯ್ತು ಸಾರ್. ಗೋಡೆ ಸರಿದಿಲ್ಲ ಸಾರ್," ಎಂದು ಕೈಮುಗಿದ.

"ಹಾಗಾದ್ರೆ ನೀನೇ ಒಡೆದೆಯಾ? ಬೀಗದ ಕೈ ಇನ್ಯಾರ ಹತ್ರ ಇದೆ?"

ಶನಿವಾರ ಗುಡಿಸಿದ ನಮ್ಮಿಬ್ಬರ ಹೆಸರನ್ನು ಮಾಮ ಎತ್ತಲಿಲ್ಲ. ಚರ್ಚಿಗೆ ಬೀಗ ಬಿತ್ತು. ಮದುವೆಯ ವಾರದಲ್ಲೇ ಚರ್ಚು ಬಿರಿದದ್ದು ಅಪಶಕುನವೆಂದು ಗಂಡಿನ ಕಡೆಯವರು ಸಂಬಂಧ ಮುರಿದರು.

ಹೆದರಿ ಅಮ್ಮನಿಗೆ ಹೇಳಿದೆ. ಕೆನ್ನೆಗೆ ಬಾರಿಸಿದಳು. "ಬಾಯ್ ಬಿಟ್ಟೀಯ ಲೇ, ಜೋಕೆ! ನಿಮ್ಮಪ್ಪನ ಕೆಲ್ಸ ಓಯ್ತದೆ" ಎಂದಳು. ಆಮೇಲೆ ಒಂದು ಪಾತ್ರೆಯಲ್ಲಿ ಹುರುಳಿ ಸಾರು ಹಿಡಿದು ನನ್ನನ್ನೂ ಎಳೆದುಕೊಂಡು ಲಿಲ್ಲಿ ಅಕ್ಕನ ಮನೆಗೆ ಹೋದಳು. "ಯಾವ ಪಾಪಿ ಕಣ್ ಬಿತ್ತೋ ತಾಯಿ" ಎಂದು ಅವಳನ್ನು ತಬ್ಬಿ ಅತ್ತಳು. ಅಮ್ಮನ ಕಣ್ಣೀರು ನಿಜವಾದದ್ದೇ. ನಾನು ಅಲ್ಲೇ ಕೂತು ಮದುವೆಗೆಂದು ಕರಿದಿಟ್ಟ ಅಚ್ಚುಮುರುಕು ತಿಂದೆ.

ಕಳೆದ ವರ್ಷ ಅಲ್ಲಿಗೆ ಹೋಗಿದ್ದೆ. ಗಣಿ ನಿಂತು ಎಷ್ಟೋ ಕಾಲವಾಗಿದೆ, ನೆಲ ಈಗ ನಡುಗುವುದಿಲ್ಲ. ನಮ್ಮ ಲೈನಿನ ಅರ್ಧ ಮನೆಗಳು ಬಿದ್ದಿವೆ. ನನಗೆ ಪೆಟ್ಟು ಕೊಟ್ಟ ಅಮ್ಮನಿಲ್ಲ, ಶಿಫ್ಟು ಮುಗಿಸಿ ಬರುವ ಅಪ್ಪನಿಲ್ಲ. ಚರ್ಚು ಮತ್ತೆ ತೆರೆದಿದೆ, ಭಾನುವಾರ ಹತ್ತು ಹನ್ನೆರಡು ಜನ ಸೇರುತ್ತಾರಂತೆ. ನೋಡಲು ಬಂದವರಿಗೆ ಬಾಗಿಲು ತೆಗೆದು ತೋರಿಸುವವಳು ಲಿಲ್ಲಿ ಅಕ್ಕ. ತಲೆ ಪೂರಾ ನರೆತಿದೆ. ಗುರುತು ಹಿಡಿದು ನನ್ನ ಕೆನ್ನೆ ಸವರಿದಳು, ತೊಲೆ ತೋರಿಸಿದಳು, ಕಿಟಕಿ ತೋರಿಸಿದಳು. ಬಲಗಡೆ ಗೋಡೆಯ ಸೀಳಿದ ಗಾಜಿನ ಹತ್ತಿರ ನಿಂತಳು.

"ಅಪ್ಪಾನೇ ಕಣ್ಣು ಇದನ್ನ ಒಡ್ದಿದ್ದು. ನಾನ್ ಒಂಟೋದ್ರೆ ಗಂಜಿಗೆ ಗತಿ ಇಲ್ಲಾಂತ. ಅನ್ನೊಂದು ವರ್ಷ ಗಂಜಿ ಕಾಸಿ ಮುಂದಿಟ್ಟೆ, ಅವ್ರ್ ಕೂಡೆ ನಾನ್ ಒಂದ್ ಮಾತಾಡ್ಲಿಲ್ಲ. ಸಾಯೋವಾಗ್ಲೂ 'ನಾನಲ್ಲ ಮಗ್ಳೇ' ಅಂದ್ರು. ಮುಖ ತಿರುಗಿಸ್ಕೊಂಡೆ." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. "ನಾನ್ ಮಾಡಿದ್ದು ಸರಿ ಅಲ್ವಾ? ನೀನಾದ್ರೂ ಯೋಳು."

"ಸರಿ ಅಕ್ಕ," ಎಂದೆ.