ಹಗ್ಗದ ಕೊನೆಯ ಆಳು

ಸೋಲುವ ತಂಡವನ್ನು ಹೇಗೆ ಸರಿಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಒಂದೇ ಮಾತು ಹೇಳುತ್ತೇನೆ: ಕೊನೆಯವನನ್ನು ಮುಟ್ಟಬೇಡಿ. ಯಾರೂ ಕೇಳುವುದಿಲ್ಲ, ಅದು ಬೇರೆ ವಿಷಯ. ಕತಾರಿನಲ್ಲಿದ್ದ ಅಷ್ಟೂ ವರ್ಷ ನಾನು ಹಗ್ಗಜಗ್ಗಾಟದ ಹಗ್ಗಕ್ಕೆ ಒಮ್ಮೆಯೂ ಕೈ ಹಾಕಿದವನಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಆಸಾಮಿ. ಆದರೆ ಗೆರೆಯ ಆಚೆ ನಿಂತು ಬೊಬ್ಬೆ ಹೊಡೆಯುವುದರಲ್ಲಿ, ಸೋತ ಮೇಲೆ ಯಾಕೆ ಸೋತೆವು ಎಂದು ಭಾಷಣ ಬಿಗಿಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ದೋಹಾದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕ್ರೇನುಗಳು ಏಳುತ್ತಿದ್ದ ಕಾಲ ಅದು. ನಾನು ಪಕ್ಕದ ಅಲ್ ವಕ್ರಾದಲ್ಲಿ ಒಂದು ಕಾರ್ಗೋ ಅಂಗಡಿ ನೋಡಿಕೊಳ್ಳುತ್ತಿದ್ದೆ. ಊರಿಗೆ ಹೋಗುವ ಕಂಬಳಿ, ಹಾಲಿನ ಪುಡಿ, ಮಕ್ಕಳ ಸೈಕಲ್ಲು ಎಲ್ಲವನ್ನೂ ತೂಗಿ, ಪೆಟ್ಟಿಗೆಗೆ ಟೇಪು ಸುತ್ತಿ ಕಳಿಸುವ ಕೆಲಸ. ಅಂಗಡಿಯ ಹಿಂದಿನ ಬಯಲಿನಲ್ಲಿ ಶುಕ್ರವಾರ ಬೆಳಿಗ್ಗೆ ನಮ್ಮ ಕನ್ನಡಿಗರ ತಂಡ ಅಭ್ಯಾಸ ಮಾಡುತ್ತಿತ್ತು. ನನ್ನ ಪಿಕಪ್ಪಿಗೇ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಚಳಿಗಾಲದಲ್ಲಿ ಬೇರೆ ಬೇರೆ ಭಾಷೆಯವರ ಸಂಘಗಳ ನಡುವೆ ಪಂದ್ಯ. ಪ್ರತಿ ಚಳಿಗಾಲವೂ ನಾವು ಮೊದಲ ಸುತ್ತಿನಲ್ಲೇ ಸೋತು, ಎಲ್ಲರಿಗಿಂತ ಮೊದಲು ಬಿರಿಯಾನಿಗೆ ಕೂರುವ ತಂಡವೆಂದು ಹೆಸರು ಮಾಡಿದ್ದೆವು.

ಹಗ್ಗದ ತುದಿಯಲ್ಲಿ ನಿಲ್ಲುವವನನ್ನು ಆ್ಯಂಕರ್ ಅನ್ನುತ್ತಾರೆ. ಹಗ್ಗವನ್ನು ಕಂಕುಳಡಿಯಿಂದ ತಂದು, ಬೆನ್ನ ಮೇಲೆ ಹಾಯಿಸಿ, ಇನ್ನೊಂದು ಹೆಗಲಿಂದ ಇಳಿಬಿಡುವ ಹಕ್ಕು ಅವನೊಬ್ಬನಿಗೇ. ಉಳಿದ ಏಳು ಜನ ಬರೀ ಕೈಯಲ್ಲಿ ಹಿಡಿಯಬೇಕು. ನಮ್ಮ ಆ್ಯಂಕರ್ ಉಡುಪಿ ಕಡೆಯವರು, ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಕ್ರೇನ್ ಓಡಿಸುತ್ತಿದ್ದರು. ಎಲ್ಲರಿಗಿಂತ ಹಿರಿಯರಾದ್ದರಿಂದ ಎಲ್ಲರಿಗೂ ಅಣ್ಣ. ಆಳೆಂದರೆ ಆಳು! ಅವರು ಕಾಲೂರಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಇಟ್ಟಲ್ಲಿ ಗುಂಡಿ ಬೀಳುತ್ತಿತ್ತು.

ಒಂದು ಶುಕ್ರವಾರ ಅಭ್ಯಾಸ ಮುಗಿಸಿ ಅಂಗಡಿಯ ಬಾಗಿಲಲ್ಲಿ ಕೂತು ಅವರೇ ಹೇಳಿದ್ದರು. “ನೋಡು ಮಾರಾಯ, ವಾರ ಇಡೀ ನಾನು ಮೇಲೆ ಕ್ಯಾಬಿನ್‌ನಲ್ಲಿ ಒಬ್ಬನೇ. ಕೆಳಗಿನವ ಕೈ ಸನ್ನೆ ಮಾಡ್ತಾನೆ, ನಾನು ಎತ್ತುದು, ಇಳಿಸುದು. ನನ್ನ ಮುಖ ಸಹ ಯಾರಿಗೂ ಕಾಣುದಿಲ್ಲ. ಇಲ್ಲಿ ಮಾತ್ರ ಏಳು ಜನ ನನ್ನನ್ನು ನಂಬಿ ಹಿಂದಕ್ಕೆ ವಾಲ್ತಾರೆ. ಈ ದೇಶದಲ್ಲಿ ನನ್ನದು ಅಂತ ಇರುದು ಅದೊಂದೇ ಜಾಗ.” ಶುಕ್ರವಾರ ಸಂಜೆ ಫೋನ್ ಕಾರ್ಡು ಉಜ್ಜಿ ಹೆಂಡತಿಗೆ ಫೋನ್ ಮಾಡಿದರೆ ಊರಿನ ಸುದ್ದಿಗಿಂತ ಮೊದಲು ಹಗ್ಗದ ಸುದ್ದಿ. ಆಕೆಯೂ ಕೇಳುತ್ತಿದ್ದರಂತೆ, ಹೆಗಲಿಗೆ ಪೆಟ್ಟಾಗಲಿಲ್ಲವಲ್ಲ, ಕೊನೆಗೆ ನೀವೇ ನಿಂತದ್ದಲ್ಲವಾ ಎಂದು.

ಮೂರನೆಯ ಸಲ ಸೋತ ದಿನ ಕೆಫೆಟೇರಿಯಾದಲ್ಲಿ ಚಾ ಕುಡಿಯುತ್ತ ತಂಡವನ್ನು ಬಿಚ್ಚಿ ಕಟ್ಟುವ ಮಾತು ಶುರುವಾಯಿತು. ನಾಯಕ ಮೈಸೂರಿನವನು, ದೋಹಾದ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವವನು. ಕೆಟ್ಟವನಲ್ಲ. ಸೋತರೆ ರಾತ್ರಿ ನಿದ್ದೆ ಬಾರದ ಜಾತಿ, ಅಷ್ಟೇ. ಎಂಟು ಜನರ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂಬ ನಿಯಮ ಉಂಟಲ್ಲ, ಅವನು ಅದನ್ನೇ ಹಿಡಿದುಕೊಂಡ.

“ಅಲ್ಲಾ ಸಾರ್, ನೀವೇ ಲೆಕ್ಕ ಹಾಕಿ. ಅಣ್ಣ ಒಬ್ರೇ ಒಂದೂವರೆ ಆಳಿನ ತೂಕ ತಿಂದ್ಬಿಡ್ತಾರೆ. ಮಿಕ್ಕಿದ ಏಳು ಜನ ಕಡ್ಡಿಗಳನ್ನೇ ಹಾಕ್ಕೋಬೇಕಾಗುತ್ತೆ. ಎಂಟೂ ಜನ ಸಮವಾಗಿದ್ರೆ ತಾನೇ ಎಳೆಯೋಕಾಗೋದು?”

ನನಗೆ ಪಿತ್ತ ನೆತ್ತಿಗೇರಿತು. “ಎಂತ ಸಮ? ಮುಂದಿನ ನಾಲ್ಕು ಜನ ವರ್ಷ ವರ್ಷ ಬೇರೆ. ಒಬ್ಬನ ವೀಸಾ ಕ್ಯಾನ್ಸಲ್, ಒಬ್ಬನಿಗೆ ಶುಕ್ರವಾರ ಡ್ಯೂಟಿ, ಇನ್ನೊಬ್ಬ ದುಬೈಗೆ ಹಾರಿದ. ಒಟ್ಟಿಗೆ ಹತ್ತು ಸಲ ಎಳೆಯದವರನ್ನು ಎದುರು ನಿಲ್ಲಿಸಿ, ಸೋತದ್ದಕ್ಕೆ ಹಿಂದಿನವರ ಹೊಟ್ಟೆ ಕಾರಣವಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ನನ್ನ ಅಭಿಪ್ರಾಯ ಈಗಲೂ ಅದೇ. ಗಲ್ಫಿನಲ್ಲಿ ತಂಡ ಕಟ್ಟುವುದೆಂದರೆ ಬಲಶಾಲಿಗಳನ್ನು ಹುಡುಕುವುದಲ್ಲ, ಮುಂದಿನ ವರ್ಷವೂ ಇಲ್ಲೇ ಇರುವವರನ್ನು ಹುಡುಕುವುದು. ಅಂಥವರು ನಮಗಿದ್ದದ್ದು ಅಣ್ಣ ಒಬ್ಬರೇ.

ಅಣ್ಣ ಅಷ್ಟೂ ಹೊತ್ತು ಚಾದ ಲೋಟ ತಿರುಗಿಸುತ್ತ ಕೂತಿದ್ದರು. ತಮ್ಮ ಎದುರಿಗೇ ತಮ್ಮ ದೇಹದ ಚರ್ಚೆ ನಡೆಯುತ್ತಿದ್ದರೆ ಮನುಷ್ಯ ಎಲ್ಲಿ ನೋಡಬೇಕು? ಕಡೆಗೆ ನಾಯಕನನ್ನೇ ಕೇಳಿದರು, “ನಾನು ತೂಕ ಇಳಿಸಿದ್ರೆ ಆಗ್ತದಾ? ಇಳಿಸಿದ್ರೆ ನನ್ನ ಜಾಗ ಉಳೀತದಾ?”

“ಇಳಿಸಿದ್ರೆ ಖಂಡಿತ ಟೀಮಲ್ಲಿರ್ತೀರ ಅಣ್ಣ,” ಅಂದ ನಾಯಕ.

ಅವನ ಮಾತನ್ನು ಆಮೇಲೆ ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಅವನು ಸುಳ್ಳು ಹೇಳಿರಲಿಲ್ಲ. ಟೀಮಿನಲ್ಲಿರುತ್ತೀರ ಎಂದನೇ ಹೊರತು ಕೊನೆಯಲ್ಲಿರುತ್ತೀರ ಎನ್ನಲಿಲ್ಲ.

ಮರುವಾರದಿಂದ ಅಣ್ಣ ಅನ್ನ ಬಿಟ್ಟರು. ಕರಾವಳಿಯವರು ಅನ್ನ ಬಿಡುವುದೆಂದರೆ ಏನೆಂದು ಬೇರೆಯವರಿಗೆ ಗೊತ್ತಾಗುವುದಿಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಶುಕ್ರವಾರ ಬಂಗುಡೆ ಮೀನಿನ ಪುಳಿಮುಂಚಿ: ಅದಕ್ಕಾಗಿಯೇ ವಾರ ಇಡೀ ದುಡಿಯುವ ಮನುಷ್ಯ. ಕಾರ್ಮಿಕರ ಕ್ಯಾಂಪಿನ ಅಡುಗೆಯವನು ತಟ್ಟೆ ಮುಂದಿಟ್ಟರೆ “ಖಲಾಸ್, ಬೇಡ” ಎಂದು ಎದ್ದು ಹೋಗುತ್ತಿದ್ದರಂತೆ. ಅರ್ಧ ಖುಬೂಸು ರೊಟ್ಟಿ, ಸೌತೆಕಾಯಿ, ನೀರು ಬೆರೆಸಿದ ಲಬಾನ್ ಮಜ್ಜಿಗೆ. ಬಿಸಿಲಿನಲ್ಲಿ ಕಾದ ಕ್ಯಾಬಿನ್ನಿನಲ್ಲಿ ದಿನವಿಡೀ ಕೂತು, ಸಂಜೆ ಮೆಸಯೀದ್‌ನ ಬೇಲಿಯ ಪಕ್ಕ ನಡಿಗೆ. ಬೇಸಿಗೆ ಇಡೀ ಹೀಗೇ ನಡೆಯಿತು.

ಪ್ರತಿ ಶುಕ್ರವಾರ ನನ್ನ ಅಂಗಡಿಯಲ್ಲಿ ಪೆಟ್ಟಿಗೆ ತೂಗುವ ಕಬ್ಬಿಣದ ಹಲಗೆಯ ಮೇಲೆ ಚಪ್ಪಲಿ ಬಿಚ್ಚಿ ನಿಲ್ಲುತ್ತಿದ್ದರು. ಬೆಲ್ಟು, ವಾಚು, ಕಿಸೆಯ ಚಿಲ್ಲರೆ ಎಲ್ಲ ತೆಗೆದು ಮೇಜಿನ ಮೇಲೆ. ಒಮ್ಮೆ ಕೊರಳಿನ ತಾಯಿತವನ್ನೂ ಬಿಚ್ಚಲು ಹೊರಟರು. “ಅಣ್ಣ, ದೇವರಿಗೂ ಭಾರ ಉಂಟಾ?” ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. “ಎಷ್ಟಾಯ್ತು ಹೇಳು,” ಅಂದರು. ಇಳಿಯುತ್ತಿತ್ತು. ಮೊದಲು ಹೊಟ್ಟೆ ಹೋಯಿತು, ಆಮೇಲೆ ಕೆನ್ನೆ, ಆಮೇಲೆ ತೋಳು. ಕುತ್ತಿಗೆಯ ಚರ್ಮ ಸಡಿಲವಾಗಿ ಮನುಷ್ಯ ಹತ್ತು ವರ್ಷ ಮುದುಕನಾದ ಹಾಗೆ ಕಂಡರು. “ಸಾಕು ಅಣ್ಣ,” ಅಂದೆ. “ನಿನಗೆಂತ ಹೋಗುದು, ಜಾಗ ನನ್ನದು,” ಅಂದರು.

ಅಣ್ಣ ಇಳಿಸಿದ ತೂಕ ಸುಮ್ಮನೆ ಗಾಳಿಗೆ ಹೋಗಲಿಲ್ಲ. ನಿಯಮದ ಪ್ರಕಾರ ಅವರು ಇಳಿದಷ್ಟು ಇನ್ನೊಬ್ಬ ಏರಬಹುದಿತ್ತು. ಅಲ್ಲಿಯವರೆಗೆ ನಾವು ಆಸೆಯಿಂದ ನೋಡಿ ಕೈಬಿಟ್ಟಿದ್ದ ಒಬ್ಬ ಮೆಕ್ಯಾನಿಕ್ ದೇಶದ ಆ ತುದಿಯ ದುಖಾನ್‌ನಲ್ಲಿದ್ದ. ಕುಂದಾಪುರದವನು, ಬಾಗಿಲು ತುಂಬುವ ಆಳು, ಮಾತು ಕಡಿಮೆ. ಅಣ್ಣನೂ ಅವನೂ ಒಂದೇ ತಂಡದಲ್ಲಿ ಹಿಡಿಸುವುದಿಲ್ಲ ಎಂಬ ಕಾರಣಕ್ಕೆ ಅವನು ಹೊರಗಿದ್ದ. ಈಗ ಹಿಡಿಸಿತು. ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ದೇಶ ಅಡ್ಡ ದಾಟಿ ಅವನು ಅಭ್ಯಾಸಕ್ಕೆ ಬರತೊಡಗಿದ. ಅವನನ್ನು ಏಳನೆಯವನಾಗಿ, ಅಣ್ಣನ ಮುಂದೆ ನಿಲ್ಲಿಸಿದರು. ಎಂಟು ಜನ ಸೇರಿ ಎಳೆದರೆ ನನ್ನ ಪಿಕಪ್ಪು ಬ್ರೇಕು ಹಾಕಿದ್ದರೂ ಜಾರುತ್ತಿತ್ತು. ಕೊನೆಗೂ ನಮ್ಮದು ತಂಡವಾಯಿತು ಎಂದು ನನಗೆ ಖುಷಿಯೋ ಖುಷಿ.

ಪಂದ್ಯದ ದಿನ ಬೆಳಿಗ್ಗೆ ಮೈದಾನದಲ್ಲಿ ತೂಕ ನೋಡಿದರು. ಎಂಟೂ ಜನ ಒಬ್ಬೊಬ್ಬರಾಗಿ ಹತ್ತಿ ಇಳಿದರು. ಮಿತಿಯೊಳಗೇ ಇದ್ದೆವು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎಷ್ಟೋ ತಿಂಗಳ ನಂತರ ಅವರ ಮುಖದಲ್ಲಿ ನಗು ಕಂಡಿತು. ಆಮೇಲೆ ನಾಯಕ ಎಲ್ಲರನ್ನೂ ಒಟ್ಟು ಕರೆದು ನಿಲ್ಲುವ ಸಾಲು ಹೇಳಿದ. ಅಣ್ಣ ನಾಲ್ಕನೆಯವರು. ಕೊನೆಗೆ ದುಖಾನ್‌ನ ಮೆಕ್ಯಾನಿಕ್.

ನಾನೇ ಗೆರೆ ದಾಟಿ ಒಳಗೆ ನುಗ್ಗಿದೆ. “ಎಂತದು ಇದು? ಮರ್ಯಾದೆ ಉಂಟಾ ನಿಮಗೆ?”

ನಾಯಕ ತಲೆ ತಗ್ಗಿಸಲಿಲ್ಲ. “ಸಾರ್, ಕೂಗಾಡ್ಬೇಡಿ. ಆ್ಯಂಕರ್ ಅಂದ್ರೆ ಟೀಮಲ್ಲಿ ಎಲ್ರಿಗಿಂತ ತೂಕ ಇರೋರು ತಾನೇ? ಅದು ಈಗ ಅಣ್ಣ ಅಲ್ಲ. ನಾನೇನು ಮಾಡ್ಲಿ ಹೇಳಿ?”

ಹಗ್ಗಜಗ್ಗಾಟ ನೋಡಿದ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಯಾವ ಜಾಗ ಉಳಿಸಿಕೊಳ್ಳಲು ಮನುಷ್ಯ ಒಂದು ಬೇಸಿಗೆ ಇಡೀ ಹಸಿದನೋ, ಆ ಹಸಿವೇ ಅವನನ್ನು ಅಲ್ಲಿಂದ ಎಬ್ಬಿಸಿತ್ತು. ಇಂಥ ಅನ್ಯಾಯದಲ್ಲಿ ಬೈಯಲು ಸಹ ಒಬ್ಬ ಸಿಗುವುದಿಲ್ಲ. ಮೆಕ್ಯಾನಿಕ್ ಪಾಪ, “ನಂಗ್ ಬ್ಯಾಡ ಮಾರಾಯ್ರೆ, ಅಣ್ಣನೇ ನಿಲ್ಲಲಿ,” ಎಂದು ಹಿಂದೆ ಸರಿದ.

ಅಣ್ಣನೇ ಅವನ ತೋಳು ಹಿಡಿದು ಕೊನೆಗೆ ಕರೆದುಕೊಂಡು ಹೋದರು. ಅವನಿಗೆ ಹಗ್ಗ ಸುತ್ತಿಕೊಳ್ಳುವುದು ಗೊತ್ತಿರಲಿಲ್ಲ. ಕಂಕುಳಡಿಯಿಂದ ತಂದು, ಬೆನ್ನಿಗೆ ಹಾಯಿಸಿ, ಹೆಗಲ ಮೇಲೆ ಮಡಿಕೆ ಬೀಳದಂತೆ ಸರಿಮಾಡಿ, “ಇಲ್ಲಿ ಉಜ್ಜಿದ್ರೆ ಹೆದರ್ಬೇಡ, ಮೊದ್ಲು ಉರೀತದೆ, ಮತ್ತೆ ಗೊತ್ತಾಗುದಿಲ್ಲ,” ಅಂದರು. ಆಮೇಲೆ ಮುಂದೆ ಬಂದು ನಾಲ್ಕನೆಯ ಜಾಗದಲ್ಲಿ ನಿಂತು ಹಗ್ಗ ಹಿಡಿದರು.

ಗೆದ್ದೆವು. ಆ ಮೈದಾನದಲ್ಲಿ ನಮ್ಮ ತಂಡ ಮೊದಲ ಬಾರಿಗೆ ಒಂದು ಸುತ್ತು ಗೆದ್ದಿತು. ನಮ್ಮವರು ಟವೆಲು ಬೀಸಿ ಕುಣಿದರು. ಹೆಂಗಸರು ಕುರ್ಚಿ ಬಿಟ್ಟು ಎದ್ದರು. ಎರಡನೆಯ ಸುತ್ತಿನಲ್ಲಿ ಸೋತರೂ ಯಾರಿಗೂ ಬೇಸರವಿರಲಿಲ್ಲ. ಎಲ್ಲರೂ ಸುತ್ತುವರಿದದ್ದು ಮೆಕ್ಯಾನಿಕ್‌ನನ್ನು. ಅಣ್ಣ ಒಂದು ಬದಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದರು. ನಾಯಕ ಬಂದು ಬೆನ್ನು ತಟ್ಟಿದ. “ಸೂಪರ್ ಅಣ್ಣ! ಮುಂದಿನ ವರ್ಷಕ್ಕೆ ಇನ್ನೊಬ್ಬ ಹುಡುಗ ಸಿಕ್ಕಿದ್ರೆ ನಿಮ್ಗೂ ಸ್ವಲ್ಪ ರೆಸ್ಟ್ ಕೊಡ್ಬೋದು.” ಅಣ್ಣ ಹೂಂ ಅಂದರು.

ಮೆಸಯೀದ್‌ಗೆ ನಾನೇ ಬಿಡಲು ಹೋದೆ. ದಾರಿ ಇಡೀ ನಾಯಕನನ್ನು ಬೈದೆ, ಸಂಘವನ್ನು ಬೈದೆ, ತೂಕದ ನಿಯಮ ಮಾಡಿದವನ ವಂಶವನ್ನೇ ಬೈದೆ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಹಾಗೆ. “ಬಿಡು ಮಾರಾಯ, ಗೆದ್ದೆವಲ್ಲ,” ಎಂದಷ್ಟೇ ಅಂದರು ಅಣ್ಣ. ಸ್ವಲ್ಪ ದೂರ ಹೋದ ಮೇಲೆ ಮೊಬೈಲು ತೆಗೆದು ಕಾರ್ಡಿನ ನಂಬರು ಒತ್ತಿದರು. ಹೆಂಡತಿಯ ದನಿ ನನಗೂ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

“ಹೌದು, ಗೆದ್ದೆವು,” ಅಂದರು. “ಹೌದೌದು. ಇಲ್ಲ, ಪೆಟ್ಟೇನೂ ಆಗ್ಲಿಲ್ಲ.” ಸ್ವಲ್ಪ ಹೊತ್ತು ಕೇಳಿಸಿಕೊಂಡರು. “ಕೊನೆಗೆ ನಾನೇ. ಮತ್ತೆ ಯಾರು?”

ಫೋನ್ ಇಟ್ಟು ಕಿಟಕಿಯ ಕಡೆ ತಿರುಗಿ ಕೂತರು. ಕ್ಯಾಂಪಿನ ಗೇಟು ಬಂದಾಗ, “ನೀನು ಊರಿಗೆ ಹೋದಾಗ ಅವಳು ಕೇಳಿದ್ರೆ ಹಾಗೇ ಹೇಳು, ಆಯ್ತಾ?” ಅಂದರು. ಆಯ್ತು ಅಂದೆ. ಆಮೇಲೆ ಅವರು ಅಭ್ಯಾಸಕ್ಕೆ ಬರಲಿಲ್ಲ. ಶುಕ್ರವಾರವೂ ಓವರ್‌ಟೈಮ್ ಹಾಕಿಸಿಕೊಂಡಿದ್ದಾರೆ ಎಂದು ಯಾರೋ ಹೇಳಿದರು. ಮುಂದಿನ ಚಳಿಗಾಲಕ್ಕೆ ಮೆಕ್ಯಾನಿಕ್‌ನ ಕಂಪನಿಯವರು ಅವನನ್ನು ಬೇರೆ ದೇಶಕ್ಕೆ ಕಳಿಸಿದರು. ತಂಡ ಮತ್ತೆ ಮೊದಲ ಸುತ್ತಿನಲ್ಲೇ ಸೋತಿತು. ನಾನು ನೋಡಲು ಹೋಗಿರಲಿಲ್ಲ.

ಮರುವರ್ಷ ರಜೆಗೆ ಹೊರಟಾಗ ಅಣ್ಣ ಮನೆಗೆ ಕೊಡಲು ಒಂದು ಪೊಟ್ಟಣ ಕೊಟ್ಟರು, ಖರ್ಜೂರ ಮತ್ತು ಒಂದು ಸೀರೆ. ಗೆದ್ದ ಪಂದ್ಯದ ಬೆನ್ನಿಗೇ ಅವರೂ ಒಮ್ಮೆ ರಜೆಯಲ್ಲಿ ಊರಿಗೆ ಹೋಗಿ ಬಂದಿದ್ದರು. ಬಸ್ಸಿಳಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಚಾ ತಂದಿಟ್ಟು ಬಾಗಿಲ ಹತ್ತಿರ ನಿಂತರು. ಆ ಮಾತು ಈ ಮಾತು ಆದ ಮೇಲೆ ಕೇಳಿಯೇ ಕೇಳಿದರು.

“ಆವತ್ತು ಗೆದ್ದದ್ದು ಹೌದಾ? ಕೊನೆಗೆ ಅವರೇ ನಿಂತದ್ದಾ?”

“ಹೌದು ಅಕ್ಕ. ಅವರೇ. ಮತ್ತೆ ಯಾರು?” ಅಂದೆ.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನನ್ನ ಅಪ್ಪ ಸಹ ಹಗ್ಗ ಎಳೀತಿದ್ದವರೇ,” ಅಂದರು. “ರಜೆಗೆ ಬಂದಾಗ ಇವರನ್ನು ನೋಡಿದೆ. ಅಷ್ಟು ಸಪೂರ ಆದವರನ್ನು ಯಾರು ಕೊನೆಗೆ ನಿಲ್ಲಿಸ್ತಾರೆ ಹೇಳಿ?”

ನಾನು ಚಾದ ಲೋಟ ಕೆಳಗಿಟ್ಟೆ. ಬಾಯಿ ತೆರೆಯಲು ಹೋದಾಗ ಆಕೆ ಕೈಯೆತ್ತಿ ತಡೆದರು.

“ಬೇಡ, ಎಂತದೂ ಹೇಳ್ಬೇಡಿ. ನನಗೆ ಗೊತ್ತುಂಟು ಅಂತ ಅವರಿಗೆ ಮಾತ್ರ ಹೇಳ್ಬೇಡಿ.”